ಹೊತ್ತಿಗೆ ಮುಂಚೆ ಹೊಡೆದ ಗಂಟೆ

ಮೊನ್ನೆ ಕೈಗಡಿಯಾರಕ್ಕೆ ಸೆಲ್ ಹಾಕಿಸಲು ಅಂಗಡಿಗೆ ಹೋಗಿದ್ದೆ. ಅಂಗಡಿಯವರು ಹೊಸ ಸೆಲ್ ಕೂರಿಸಿ, ಮುಚ್ಚಳ ಒತ್ತಿ, "ಟೈಮ್ ಎಷ್ಟಕ್ಕೆ ಇಡ್ಲಿ ಸಾರ್?" ಎಂದರು. ನಾನು ಯೋಚನೆಯೇ ಮಾಡದೆ "ಇಂಡಿಯಾ ಟೈಮ್ ಇಡಿ" ಎಂದೆ. ಮೈಸೂರಿನ ನಡುಪೇಟೆಯಲ್ಲಿ ನಿಂತು ಇಂಡಿಯಾ ಟೈಮ್ ಕೇಳುವ ಗಿರಾಕಿಯನ್ನು ಅವರು ಕನ್ನಡಕ ಮೇಲೆತ್ತಿ ನೋಡಿದರು.

ಅವರ ತಪ್ಪೇನೂ ಇಲ್ಲ. ಒಮಾನಿನಲ್ಲಿದ್ದ ಹದಿನೇಳು ವರ್ಷವೂ ಈ ಗಡಿಯಾರ ಅಲ್ಲಿಯ ಹೊತ್ತನ್ನು ತೋರಿಸಲೇ ಇಲ್ಲ. ಒಂದೂವರೆ ಗಂಟೆ ಮುಂದೆಯೇ ಓಡಿತು. ಮೈಸೂರಿನಲ್ಲಿ ಆರು ಗಂಟೆಗೆ ನನ್ನ ಹೆಂಡತಿ ಜಯಮ್ಮ ಕಾಫಿಗೆ ನೀರಿಡುತ್ತಾಳೆ. ಆಗ ಮಸ್ಕತ್ತಿನಲ್ಲಿ ನಾಲ್ಕೂವರೆ. ನಾನೂ ಎದ್ದು ನೀರಿಡುತ್ತಿದ್ದೆ. ಪಕ್ಕದ ಕೋಣೆಯವರು ಇದನ್ನು ಹೆಂಡತಿಯ ಮೇಲಿನ ಪ್ರೀತಿ ಎಂದುಕೊಂಡಿದ್ದರು. ಪ್ರೀತಿ ಇರಲಿಲ್ಲವೆಂದಲ್ಲ. ಆದರೆ ನಿಜ ಹೇಳಬೇಕೆಂದರೆ ಅದು ಅಭ್ಯಾಸ. ಒಮ್ಮೆ ಇಟ್ಟ ಗಡಿಯಾರವನ್ನು ತಿರುಗಿಸುವುದೆಂದರೆ ನನಗೆ ಕೊಟ್ಟ ಮಾತು ತಪ್ಪಿದ ಹಾಗೆ.

ಈ ಅಭ್ಯಾಸ ಬಂದದ್ದು ನಾನು ಓದಿದ ಉಚಿತ ಹಾಸ್ಟೆಲಿನಿಂದ. ಅಲ್ಲಿ ಬೇವಿನ ಮರಕ್ಕೆ ರೈಲು ಕಂಬಿಯ ಒಂದು ತುಂಡು ನೇತುಹಾಕಿದ್ದರು. ಅದರ ಸದ್ದಿಗೆ ಏಳುವುದು, ಅದರ ಸದ್ದಿಗೆ ತಣ್ಣೀರು ಸುರಿದುಕೊಳ್ಳುವುದು, ಅದರ ಸದ್ದಿಗೆ ತಟ್ಟೆ ಹಿಡಿದು ಸಾಲಾಗಿ ಕೂರುವುದು. ವಾರಕ್ಕೊಬ್ಬರಂತೆ ಗಂಟೆ ಹೊಡೆಯುವ ಪಾಳಿ. ನನ್ನ ಪಾಳಿಯ ಒಂದು ಮಧ್ಯಾಹ್ನ ಹಸಿವು ತಡೆಯಲಾರದೆ ಹತ್ತು ನಿಮಿಷ ಮುಂಚೆಯೇ ಊಟದ ಗಂಟೆ ಹೊಡೆದುಬಿಟ್ಟೆ. ಎಂಬತ್ತು ಹುಡುಗರು ತಟ್ಟೆ ಬಡಿಯುತ್ತಾ ಬಂದು ಕೂತರು. ಒಳಗೆ ಮುದ್ದೆಗೆ ಇನ್ನೂ ಎಸರು ಕುದಿಯುತ್ತಿತ್ತು. ವಾರ್ಡನ್ ಮೇಷ್ಟ್ರು ಬೈಯಲಿಲ್ಲ, ಹೊಡೆಯಲಿಲ್ಲ. ಎಲ್ಲರ ಊಟ ಮುಗಿಯುವ ತನಕ ನನ್ನನ್ನು ಆ ಕಂಬಿಯ ಕೆಳಗೆ ನಿಲ್ಲಿಸಿ, "ಗಂಟೆ ಅಂದ್ರೆ ನಿನ್ನ ಹೊಟ್ಟೆ ಅಲ್ಲ ಕಣಯ್ಯ" ಎಂದರು, ಅಷ್ಟೆ. ಅಂದಿನಿಂದ ನಾನು ಯಾವ ಕೆಲಸವನ್ನೂ ಹೊತ್ತಿಗೆ ಮುಂಚೆ ಮಾಡಲಿಲ್ಲ, ಹೊತ್ತು ಮೀರಿಯೂ ಮಾಡಲಿಲ್ಲ. ಮದುವೆಯಲ್ಲಿ ಮುಹೂರ್ತಕ್ಕೆ ಮೂರು ನಿಮಿಷವಿದೆ ಎಂದು ತಾಳಿ ಹಿಡಿದುಕೊಂಡು ಸುಮ್ಮನೆ ನಿಂತಿದ್ದೆನೆಂದು ಜಯಮ್ಮ ಇವತ್ತಿಗೂ ಆಡಿಕೊಳ್ಳುತ್ತಾಳೆ.

ಇಂಥವನಿಗೆ ಮಸ್ಕತ್ತಿನ ವಾದಿ ಕಬೀರಿನ ವರ್ಕ್‌ಶಾಪಿನಲ್ಲಿ ಸೂಪರ್‌ವೈಸರ್ ಕೆಲಸ ಸಿಕ್ಕಿದ್ದು ಮೀನಿಗೆ ನೀರು ಸಿಕ್ಕ ಹಾಗಾಯಿತು. ಮೂರು ಶೆಡ್ಡು, ಅರವತ್ತು ಚಿಲ್ಲರೆ ಜನ, ಸುತ್ತ ಗ್ಯಾರೇಜುಗಳ ಗದ್ದಲ. ನಾನು ಹೋದ ಮೊದಲ ವಾರದಲ್ಲೇ ಹಳೆಯ ಲಾರಿಯ ಬ್ರೇಕ್ ಡ್ರಮ್ಮೊಂದನ್ನು ಸರಪಳಿಯಿಂದ ನೇತುಹಾಕಿಸಿದೆ. ಹತ್ತೂವರೆಗೆ ಸರಿಯಾಗಿ ಅದಕ್ಕೆ ಮೂರು ಏಟು, ಆಗ ಚಹಾ. ಚಹಾ ಕಾಯಿಸುವವರು ಹಸನಬ್ಬ, ಪುತ್ತೂರು ಕಡೆಯ ಬ್ಯಾರಿ, ನನಗಿಂತ ಎರಡು ವರ್ಷ ಹಿರಿಯರು. ಹತ್ತು ಇಪ್ಪತ್ತೈದಕ್ಕೇ ಕೆಟಲ್ ಹಿಡಿದು ಬಂದು ನಿಲ್ಲುತ್ತಿದ್ದರು. "ಹೊಡೀರಿ ಮಾರಾಯ್ರೇ, ಚಹಾ ಆರ್ತದೆ" ಎನ್ನುವರು. ನಾನು ಗೋಡೆ ಗಡಿಯಾರ ತೋರಿಸುವೆ. "ಈ ಗೌಡ್ರು ಸ್ವರ್ಗದ ಬಾಗಿಲಲ್ಲೂ ಐದು ನಿಮಿಷ ಕಾಯ್ಸಿಯೇ ಒಳಗೆ ಹೋಗುವುದು" ಎಂದು ಅವರು ಮಲೆಯಾಳಿಗಳಿಗೆ, ಪಾಕಿಸ್ತಾನಿಗಳಿಗೆ ಅವರವರ ಭಾಷೆಯಲ್ಲೇ ಹೇಳಿ ನಗಿಸುತ್ತಿದ್ದರು.

ಆ ವರ್ಕ್‌ಶಾಪಿಗೆ ಒಂದು ದೊಡ್ಡ ಲೇತ್ ಯಂತ್ರ ಬಂತು, ತೈವಾನಿನದು. ಅದರ ಹಿಂದೆಯೇ ಅದನ್ನು ಕೂರಿಸಿ ನಮ್ಮವರಿಗೆ ಕಲಿಸಲು ಲಿನ್ ಎಂಬ ಎಂಜಿನಿಯರು ಎರಡು ವರ್ಷದ ಕರಾರಿನ ಮೇಲೆ ಬಂದರು. ನಲವತ್ತರ ಒಳಗಿನ ವಯಸ್ಸು, ಸಣ್ಣ ಆಳು. ಉಪಕರಣವನ್ನು ಬಳಸಿದ ಮೇಲೆ ಒರೆಸಿ, ತೆಗೆದ ಜಾಗದಲ್ಲೇ ಇಡುವ ಮನುಷ್ಯ. ಇಷ್ಟು ಸಾಕಿತ್ತು ನನಗೆ. ವಾರದೊಳಗೆ ಇಬ್ಬರೂ ಒಟ್ಟಿಗೆ ಊಟದ ಡಬ್ಬಿ ಬಿಚ್ಚುವ ಸ್ನೇಹಿತರಾದೆವು. ಅವರಿಗೆ ನಾನು ಬರೀ "ಗೌಡ", ನನಗೆ ಅವರು ಬರೀ "ಲಿನ್". ನಡುವೆ ಇಬ್ಬರ ಹರಕು ಇಂಗ್ಲಿಷು.

ಲಿನ್‌ಗೆ ಪ್ರತಿ ಶನಿವಾರ ಮಧ್ಯಾಹ್ನ ತಾಯಿಯ ಫೋನು ಬರುತ್ತಿತ್ತು. ಮೊಬೈಲನ್ನು ಕಿವಿಗೆ ಒತ್ತಿ, ಇನ್ನೊಂದು ಕಿವಿಯನ್ನು ಬೆರಳಿನಿಂದ ಮುಚ್ಚಿ, ಕಣ್ಣೂ ಮುಚ್ಚಿ ಕೇಳುತ್ತಿದ್ದರು. ಲೈನು ಸರಿಯಿಲ್ಲವೆಂದು ನನ್ನ ಅಂದಾಜು. "ಬೇರೆ ಕಾರ್ಡ್ ಹಾಕಿಸಿ ನೋಡಿ" ಎಂದೆ ಒಂದು ದಿನ.

"ಲೈನು ಚೆನ್ನಾಗಿದೆ ಗೌಡ. ಅಮ್ಮ ಮಾತಾಡುವುದೇ ಹಾಗೆ. ಮನೆಯೊಳಗೂ ಹಾಗೆಯೇ. ಗೋಡೆಯ ಆಚೆ ಯಾರೋ ಕದ್ದು ಕೇಳುತ್ತಿದ್ದಾರೆ ಅನ್ನುವ ಹಾಗೆ ಪಿಸುಗುಟ್ಟುತ್ತಾಳೆ."

ಡಬ್ಬಿಯ ಮುಚ್ಚಳ ಹಾಕಿ ಅವರು ಹೇಳಿದ್ದನ್ನು ನನಗೆ ತಿಳಿದ ಮಟ್ಟಿಗೆ ಇಲ್ಲಿ ಬರೆಯುತ್ತೇನೆ. ಮಹಾಯುದ್ಧ ಮುಗಿದು ಜಪಾನಿನವರು ಹೋದ ಮೇಲೆ ಆ ದ್ವೀಪ ಚೀನಾದಿಂದ ಬಂದ ಸರ್ಕಾರದ ಕೈಗೆ ಹೋಯಿತು. ನಮಗೆ ಸ್ವಾತಂತ್ರ್ಯ ಬಂದ ವರ್ಷವೇ, ಫೆಬ್ರುವರಿ ಕೊನೆಯಲ್ಲಿ, ತೈಪೆ ನಗರದಲ್ಲಿ ಕಳ್ಳ ಸಿಗರೇಟು ಮಾರುತ್ತಿದ್ದ ಒಬ್ಬ ವಿಧವೆಯನ್ನು ಅಧಿಕಾರಿಗಳು ಹೊಡೆದರು. ಜನ ಸೇರಿದರು, ಗುಂಡು ಹಾರಿತು. ಮರುದಿನ, ಇಪ್ಪತ್ತೆಂಟನೇ ತಾರೀಕು, ಊರಿಗೆ ಊರೇ ಎದ್ದಿತು. ಮಾರ್ಚಿನಲ್ಲಿ ಹಡಗಿನಲ್ಲಿ ಸೈನ್ಯ ಬಂದು ಇಳಿಯಿತು. ಸಾವಿರಾರು ಜನ ಸತ್ತರು. ಅದರ ಹಿಂದೆಯೇ ಬಂದ ಸೈನ್ಯದ ಕಾನೂನು ಮೂವತ್ತೆಂಟು ವರ್ಷ ಕೂತಿತು. ಆ ದಿನದ ಮಾತೆತ್ತಿದರೂ ಅಪರಾಧ.

ಲಿನ್‌ರ ತಾಯಿಯ ತಂದೆ ಕೀಲುಂಗ್ ಎಂಬ ಬಂದರಿನ ಊರಿನಲ್ಲಿ ಪ್ರೈಮರಿ ಶಾಲೆಯ ಮೇಷ್ಟ್ರು. ಹೆಸರು ತಾನ್ ಕಿಮ್ ಹಾಯ್. ಅಕ್ಷರ ದುಂಡಗಿದ್ದವು ಎಂಬ ಕಾರಣಕ್ಕೆ ಊರಿನವರ ಅಹವಾಲನ್ನು ಅವರ ಕೈಲಿ ಬರೆಸಿದ್ದರಂತೆ. ಒಂದು ಬೆಳಗ್ಗೆ ಗಡ್ಡ ಹೆರೆಯುತ್ತಾ ಕೂತಿದ್ದಾಗ ಸಿಪಾಯಿಗಳು ಬಂದು ಕರೆದುಕೊಂಡು ಹೋದರು. ಒಂದು ಕೆನ್ನೆ ಹೆರೆದಾಗಿತ್ತು, ಇನ್ನೊಂದರಲ್ಲಿ ಸೋಪಿನ ನೊರೆ. ಏಳು ವರ್ಷದ ಮಗಳು ಬಾಗಿಲಲ್ಲಿ ನಿಂತು ನೋಡಿದಳು. ಅಷ್ಟೆ. ಹೆಣವೂ ಸಿಗಲಿಲ್ಲ, ಸತ್ತ ದಿನವೂ ತಿಳಿಯಲಿಲ್ಲ. ಅಜ್ಜಿ ಆ ಹೆಸರನ್ನು ಮನೆಯಲ್ಲಿ ಯಾರೂ ಎತ್ತಕೂಡದೆಂದು ಮಕ್ಕಳಿಂದ ಆಣೆ ಹಾಕಿಸಿಕೊಂಡರು. ಕಾಲ ಬದಲಾಯಿತು, ಆ ದಿನಕ್ಕೆ ಸರ್ಕಾರಿ ರಜೆ ಬಂತು, ತೈಪೆಯ ಉದ್ಯಾನದಲ್ಲಿ ಸ್ಮಾರಕ ಎದ್ದಿತು. ತಾಯಿ ಮಾತ್ರ ಬಸ್ಸು ಆ ಉದ್ಯಾನದ ಪಕ್ಕ ಹೋಗುವಾಗ ಮುಖವನ್ನು ಈಚೆ ತಿರುಗಿಸಿ ಕೂರುತ್ತಿದ್ದರಂತೆ.

ನನ್ನನ್ನು ಬಿಡದೆ ಕಾಡಿದ್ದು ಯಾವುದು ಗೊತ್ತೇ? ಸತ್ತ ದಿನ ತಿಳಿಯದು ಎಂಬ ಮಾತು. ದಿನವೇ ಇಲ್ಲದ ಸಾವು ನನ್ನಂಥವನಿಗೆ ಹೇಗೆ ಅರ್ಥವಾಗಬೇಕು! "ನಮ್ಮಲ್ಲಿ ಅದಕ್ಕೊಂದು ಏರ್ಪಾಡಿದೆ" ಎಂದೆ. ಮಹಾಲಯ ಅಮಾವಾಸ್ಯೆಗೆ ಹಿರಿಯರಿಗೆ ಎಡೆ ಇಡುವುದನ್ನು ವಿವರಿಸಿದೆ. ದಿನ ಗೊತ್ತಿದ್ದವರಿಗೂ ಇಲ್ಲದವರಿಗೂ ಅಂದು ಒಟ್ಟಿಗೆ. ನಮ್ಮ ತಾತನಿಗೆ ಮುದ್ದೆ, ಕೋಳಿ ಸಾರು, ಹೊಸ ಪಂಚೆ, ಒಂದು ಕಟ್ಟು ಬೀಡಿ. ಬೀಡಿ ಮರೆತ ವರ್ಷ ನಮ್ಮಪ್ಪ ಊಟಕ್ಕೇ ಕೂರದೆ ಅಂಗಡಿಗೆ ಓಡಿದ್ದರು, ತಾತ ಕಾಯುತ್ತಿರುತ್ತಾರೆಂದು.

ಲಿನ್ ನಕ್ಕರು. "ಹಾಗಾದರೆ ಇಪ್ಪತ್ತೆಂಟು ಫೆಬ್ರುವರಿ ನಮ್ಮ ದೇಶಕ್ಕೆ ಆ ಅಮಾವಾಸ್ಯೆ" ಎಂದರು.

ಇದು ಎರಡು ಸಾವಿರದ ನಾಲ್ಕನೇ ಇಸವಿಯ ಜನವರಿಯ ಮಾತು. ಆ ವರ್ಷ ಫೆಬ್ರುವರಿ ಇಪ್ಪತ್ತೆಂಟರ ಶನಿವಾರ ಅಲ್ಲಿಯ ಜನ ದ್ವೀಪದ ಉತ್ತರದ ತುದಿಯಿಂದ ದಕ್ಷಿಣದ ತನಕ ಕೈ ಕೈ ಹಿಡಿದು ನಿಲ್ಲುವುದೆಂದು ತೀರ್ಮಾನವಾಗಿತ್ತು. ಮಧ್ಯಾಹ್ನ ಎರಡು ಗಂಟೆ ಇಪ್ಪತ್ತೆಂಟು ನಿಮಿಷಕ್ಕೆ ಸರಿಯಾಗಿ. ಅದರಲ್ಲಿ ಅಲ್ಲಿಯ ಚುನಾವಣೆಯ ರಾಜಕೀಯವೂ ಸೇರಿತ್ತಂತೆ, ಅದು ನನಗೆ ತಿಳಿಯದು. ಸಾಲು ಕೀಲುಂಗಿನಲ್ಲೂ ನಿಲ್ಲುವುದಿತ್ತು, ಅವರ ತಾಯಿಯ ಮನೆಯಿಂದ ಹತ್ತು ನಿಮಿಷದ ದಾರಿ.

ಒಂದು ಶನಿವಾರ ಫೋನು ಮುಗಿಸಿ ಲಿನ್ ಊಟದ ಡಬ್ಬಿಯನ್ನು ಬಿಚ್ಚದೆ ಪಕ್ಕಕ್ಕಿಟ್ಟರು. "ಅಮ್ಮನಿಗೆ ಹೋಗಬೇಕೆಂದಿದೆ, ಭಯವೂ ಇದೆ. ನೀನಿದ್ದಿದ್ದರೆ ನಿನ್ನ ಕೈ ಹಿಡಿದು ನಿಲ್ಲುತ್ತಿದ್ದೆ ಅಂದಳು. ನಾನು ಇಲ್ಲೂ ಕೈ ಹಿಡಿದು ನಿಲ್ಲುತ್ತೇನೆ ಅಂದೆ. ಮರಳುಗಾಡಿನಲ್ಲಿ ಯಾರು ನಿನ್ನ ಕೈ ಹಿಡಿಯುತ್ತಾರೆ ಎಂದು ಕೇಳಿದಳು. ಹಿಡಿಯುವವರಿದ್ದರೆ ನಾನೂ ನಿಂತು ಅಪ್ಪನ ಹೆಸರು ಹೇಳುತ್ತೇನೆ, ಇಲ್ಲದಿದ್ದರೆ ಇಲ್ಲ ಅಂದಳು. ಅವಳಿಗೆ ಅರವತ್ತನಾಲ್ಕು ಗೌಡ. ಈ ವರ್ಷ ನಿಲ್ಲದಿದ್ದರೆ ಇನ್ನು ನಿಲ್ಲುವುದಿಲ್ಲ."

"ಅದನ್ನು ನನಗೆ ಬಿಡಿ" ಎಂದೆ. ಏರ್ಪಾಡು ಎಂಬ ಪದ ಕೇಳಿದರೆ ನನಗೆ ಇಪ್ಪತ್ತು ವರ್ಷ ಕಡಿಮೆಯಾಗುತ್ತದೆ.

ಮೊದಲು ಯಾರ್ಡಿನ ಮ್ಯಾನೇಜರು ನಾಸರ್ ಬಳಿ ಹೋದೆ. ಒಮಾನಿಯವರು, ನೀಟಾಗಿ ಇಸ್ತ್ರಿಯಾದ ಬಿಳಿ ನಿಲುವಂಗಿ, ನಮ್ಮೊಡನೆ ಸಲೀಸಾಗಿ ಉರ್ದು ಮಾತು. "ರಾಜಕೀಯವಾ?" ಎಂದರು.

"ಅಲ್ಲ ಸಾಹೇಬರೇ. ತೀರಿಕೊಂಡ ಒಬ್ಬ ಮೇಷ್ಟ್ರ ನೆನಪು."

ಗಡ್ಡ ಕೆರೆದುಕೊಂಡು ಯೋಚಿಸಿದರು. "ಗೇಟಿನ ಒಳಗೆ. ಘೋಷಣೆ ಬೇಡ, ಬಾವುಟ ಬೇಡ. ಐದು ನಿಮಿಷ, ಆಮೇಲೆ ಖಲಾಸ್."

ಅನುಮತಿ ಸಿಕ್ಕಿತು. ಲಿನ್ ಆ ವಾರ ಸೋಹಾರ್ ಎಂಬ ಊರಿನಲ್ಲಿ ಒಂದು ಯಂತ್ರ ಕೂರಿಸಲು ಹೋಗಿದ್ದರು. ಅವರು ಬರುವ ಹೊತ್ತಿಗೆ ಎಲ್ಲ ಸಿದ್ಧವಿರಬೇಕೆಂದು ನಾನೇ ಕೂತು ಲೆಕ್ಕ ಹಾಕಿದೆ. ತೈವಾನ್ ಇಂಡಿಯಾಕ್ಕಿಂತ ಎರಡೂವರೆ ಗಂಟೆ ಮುಂದೆ. ಎರಡು ಇಪ್ಪತ್ತೆಂಟರಲ್ಲಿ ಎರಡೂವರೆ ಗಂಟೆ ಕಳೆದರೆ ಹನ್ನೊಂದು ಐವತ್ತೆಂಟು. ಸರಿ. ಇಂಗ್ಲಿಷು, ಹಿಂದಿ ಎರಡರಲ್ಲೂ ನೋಟಿಸು ಬರೆದು ಬೋರ್ಡಿಗೆ ಅಂಟಿಸಿದೆ: ಶನಿವಾರ 11.58ಕ್ಕೆ ಸರಿಯಾಗಿ ಮೂರನೇ ಶೆಡ್ಡಿನ ಮುಂದೆ. ಇಷ್ಟವಿದ್ದವರು ಸಹಿ ಹಾಕುವುದು. ತಡವಾಗಿ ಬಂದವರಿಗೆ ಸಾಲಿನಲ್ಲಿ ಜಾಗವಿಲ್ಲ. ಕೊನೆಯ ವಾಕ್ಯಕ್ಕೆ ಕೆಂಪು ಶಾಯಿಯಲ್ಲಿ ಅಡಿಗೆರೆ ಬೇರೆ ಎಳೆದೆ. ಏಳು ಜನ ಸಹಿ ಹಾಕಿದರು. ಏಳು ಸಾಲದು ಅನ್ನಿಸಿತು, ಆದರೆ ಬಲವಂತ ಮಾಡುವ ವಿಷಯವಲ್ಲ.

ತಪ್ಪು ಎಲ್ಲಿದೆಯೆಂದು ನಿಮಗೆ ಆಗಲೇ ತಿಳಿದಿರಬೇಕು. ನನಗೆ ಶನಿವಾರ ಬೆಳಗ್ಗೆ ಹತ್ತು ಗಂಟೆ ಹತ್ತು ನಿಮಿಷಕ್ಕೆ ತಿಳಿಯಿತು.

ಲಿನ್ ಕೈಯ ಗ್ರೀಸು ತೊಳೆದು, ಬಿಳಿ ಶರ್ಟು ಹಾಕಿ, ಮೊಬೈಲು ಹಿಡಿದು ಬಂದರು. ಖಾಲಿ ಅಂಗಳ ನೋಡಿದರು. "ಗೌಡ, ಎಲ್ಲರೂ ಎಲ್ಲಿ?"

"ಇನ್ನೂ ಹೊತ್ತಿದೆಯಲ್ಲ. ಹನ್ನೊಂದು ಐವತ್ತೆಂಟಕ್ಕೆ."

"ಹತ್ತು ಇಪ್ಪತ್ತೆಂಟಕ್ಕೆ ಗೌಡ! ಅಮ್ಮ ಆಗಲೇ ರಸ್ತೆಗೆ ಬಂದು ನಿಂತಿದ್ದಾಳೆ!"

ನಾನು ಠೀವಿಯಿಂದ ಕೈ ಚಾಚಿ ಗಡಿಯಾರ ತೋರಿಸಿದೆ. ಅದರಲ್ಲಿ ಹನ್ನೊಂದು ನಲವತ್ತು. ಲಿನ್ ಗೋಡೆ ಗಡಿಯಾರದತ್ತ ಬೆರಳು ಮಾಡಿದರು. ಅಲ್ಲಿ ಹತ್ತು ಹತ್ತು. ಹನ್ನೊಂದು ಐವತ್ತೆಂಟು ಮೈಸೂರಿನ ಸಮಯ. ಹದಿನೈದು ಇಪ್ಪತ್ತು ಮೇಸ್ತ್ರಿಗಳಿಗೆ ಒಂದು ನಿಮಿಷ ತಡವಾದರೆ ಎಚ್ಚರಿಕೆಯ ಚೀಟಿ ಕೊಟ್ಟವನು ನಾನು, ಒಂದೂವರೆ ಗಂಟೆ ತಪ್ಪಿಸಿದ್ದೆ.

ಸಹಿ ಹಾಕಿದ ಏಳರಲ್ಲಿ ಐವರು, ಹನ್ನೊಂದೂವರೆಗೆ ಬರುತ್ತೇವೆಂದು, ಗಾಡಿ ಹತ್ತಿ ಹೊರಗಿನ ಕೆಲಸಕ್ಕೆ ಹೋಗಿದ್ದರು. ಲಿನ್ ಮೊಬೈಲನ್ನೇ ನೋಡುತ್ತಾ, "ಯಾರೂ ಇಲ್ಲವೆಂದರೆ ಮನೆಗೆ ಹೋಗಿಬಿಡುತ್ತಾಳೆ" ಎಂದರು. ನನ್ನನ್ನು ಬೈದಿದ್ದರೆ ಚೆನ್ನಾಗಿತ್ತು.

ಬ್ರೇಕ್ ಡ್ರಮ್ಮಿನ ಮುಂದೆ ಹೋಗಿ ನಿಂತೆ. ಸುತ್ತಿಗೆ ಕೈಯಲ್ಲಿತ್ತು, ಕೈ ಮಾತ್ರ ಏಳಲಿಲ್ಲ. ನಗಬೇಡಿ. ಐವತ್ತೆಂಟು ವರ್ಷದ ಗಂಡಸಿಗೆ ಬೇವಿನ ಮರದ ಕೆಳಗೆ ನಿಂತ ಹಾಗಾಯಿತು, ಮುದ್ದೆಯ ಎಸರಿನ ವಾಸನೆಯೂ ಬಂತು. ಆಮೇಲೆ ಆ ಏಳು ವರ್ಷದ ಮಗಳು ನೆನಪಾದಳು. ಹೊಡೆದೆ. ಮೂರು ಏಟಲ್ಲ, ಲೆಕ್ಕವಿಲ್ಲದಷ್ಟು.

ಹೊತ್ತಿಗೆ ಮುಂಚೆ ಗಂಟೆ ಎಂದರೆ ಆ ಯಾರ್ಡಿನಲ್ಲಿ ಒಂದೇ ಅರ್ಥ: ಭೂಮಿ ಬಾಯಿ ಬಿಟ್ಟಿದೆ. ಮೂರೂ ಶೆಡ್ಡುಗಳಿಂದ ಜನ ಓಡಿ ಬಂದರು. ಗದಗಿನ ಕಡೆಯ ಎಲೆಕ್ಟ್ರಿಷಿಯನ್ ಪಾಟೀಲರು ಲಾರಿಯ ಕೆಳಗಿನಿಂದ ತೆವಳಿ ಬಂದು, "ಏನಾತ್ರೀ ಗೌಡ್ರ? ಬೆಂಕಿ ಬಿತ್ತೇನ್ರೀ?" ಎಂದು ಮರಳಿನ ಬಕೆಟು ಎತ್ತಿಕೊಂಡರು. ಹಸನಬ್ಬ ಕೆಟಲ್ ಸಮೇತ ಬಂದರು. "ಎಂತ ಗೌಡ್ರೇ, ಇವತ್ತು ಸೂರ್ಯನಿಗೆ ತಲೆ ಕೆಟ್ಟಿತಾ? ನನ್ನ ನೀರು ಇನ್ನೂ ಕುದೀಲಿಲ್ಲ!" ಪಕ್ಕದ ಗ್ಯಾರೇಜಿನವರೂ ಗೇಟು ದಾಟಿ ಬಂದರು. ಏಳು ಜನರನ್ನು ಕರೆದವನ ಮುಂದೆ ಎಂಬತ್ತು ಜನ ನಿಂತಿದ್ದರು.

ನಾನು ಜೀವನದಲ್ಲಿ ಭಾಷಣ ಮಾಡಿದವನಲ್ಲ. "ಬೆಂಕಿ ಇಲ್ಲ. ಹೊತ್ತು ತಪ್ಪಿದವನು ನಾನು" ಎಂದು ಹಿಂದಿಯಲ್ಲಿ ಕೂಗಿದೆ. ಒಂದು ನಿಟ್ಟುಸಿರು, ಹಿಂದೆಯೇ ದೊಡ್ಡ ನಗು. "ಬರ್ಕೊಳ್ರಪ್ಪಾ, ಗೌಡ್ರು ತಪ್ಪು ಒಪ್ಪಿದ್ರು!" ಎಂದರು ಪಾಟೀಲರು. ನಗು ನಿಂತ ಮೇಲೆ ಲಿನ್‌ರ ಅಜ್ಜನ ಕಥೆಯನ್ನು ನಾಲ್ಕು ಮಾತಿನಲ್ಲಿ ಹೇಳಿದೆ. ಒಂದು ಕೆನ್ನೆ ಹೆರೆದು, ಇನ್ನೊಂದರಲ್ಲಿ ನೊರೆ ಇದ್ದ ಹಾಗೆಯೇ ಕರೆದೊಯ್ದರು ಎಂದಾಗ ಅಂಗಳದಲ್ಲಿ ಒಂದು ಸ್ಪ್ಯಾನರು ಸಹ ಅಲುಗಲಿಲ್ಲ. ಯಾರೋ ಹೋಗಿ ಕಂಪ್ರೆಸರ್ ಆರಿಸಿದರು.

ನಾಸರ್ ಕಚೇರಿಯಿಂದ ಹೊರಗೆ ಬಂದವರು ಗಡಿಯಾರ ನೋಡಿ, "ಯಲ್ಲಾ, ಯಲ್ಲಾ, ನಿಲ್ಲಿ, ನಾಲ್ಕು ನಿಮಿಷ ಇದೆ" ಎಂದರು.

ಗೇಟಿನಿಂದ ನೀರಿನ ಟ್ಯಾಂಕಿನ ತನಕ ಸಾಲು ಬೆಳೆಯಿತು, ಅಲ್ಲಿಂದ ತಿರುಗಿ ಮೂರನೇ ಶೆಡ್ಡನ್ನು ಸುತ್ತಿತು. "ಕೈ ತುಂಬ ಗ್ರೀಸ್ ಐತ್ರೀ" ಎಂದು ಪಾಟೀಲರು ಅಂಗೈಯನ್ನು ಪ್ಯಾಂಟಿಗೆ ಒರೆಸಿದರು. "ನನ್ನದರಲ್ಲಿ ಸಕ್ಕರೆ ಉಂಟು, ಅಂಟಿಕೊಳ್ತದೆ, ಒಳ್ಳೇದೇ" ಎಂದು ಹಸನಬ್ಬ ಕೆಟಲ್ ಕೆಳಗಿಟ್ಟು ಅವರ ಕೈ ಹಿಡಿದರು. ಅವರ ಇನ್ನೊಂದು ಕೈಯಲ್ಲಿ ನನ್ನ ಕೈ. ನನ್ನ ಆಚೆ ಲಿನ್. ಲಿನ್‌ಗೆ ಒಂದು ಕೈ ಫೋನಿಗೆ ಬೇಕಿತ್ತು, ಅಲ್ಲಿ ಸಾಲು ಕಡಿಯುತ್ತಿತ್ತು. ಬರೀ ನೋಡಲು ಬಂದಿದ್ದ ನಾಸರ್ ಮೊಬೈಲು ತೆಗೆದುಕೊಂಡು ಲಿನ್‌ರ ಕಿವಿಗೆ ಹಿಡಿದು ನಿಂತರು. ಲಿನ್‌ರ ಆ ಕೈಯನ್ನು ಒಬ್ಬ ಪಠಾಣ ಹಿಡಿದ.

ಹತ್ತು ಇಪ್ಪತ್ತೆಂಟು. ವಾದಿ ಕಬೀರಿನಲ್ಲಿ ಅಷ್ಟು ಮೌನವನ್ನು ನಾನು ರಜೆಯ ಶುಕ್ರವಾರವೂ ಕೇಳಿರಲಿಲ್ಲ.

ಲಿನ್ ಮೆಲ್ಲಗೆ ಏನೋ ಹೇಳಿದರು, ಕೇಳಿದರು, ಮತ್ತೆ ಹೇಳಿದರು. ನನ್ನ ಕಡೆ ತಿರುಗಿ, "ಎಷ್ಟು ಜನವೆಂದು ಕೇಳಿದಳು. ಎಂಬತ್ತು ಅಂದೆ. ನನ್ನನ್ನು ಸಾಲಿನಲ್ಲಿ ನಿಲ್ಲಿಸಲು ಸುಳ್ಳು ಹೇಳುತ್ತೀಯ ಅನ್ನುತ್ತಾಳೆ. ಅವಳಿಗೆ ಕೇಳುವ ಹಾಗೆ ಏನಾದರೂ ಹೇಳಿ ಗೌಡ" ಎಂದರು.

"ಏನು ಹೇಳಲಿ?"

"ಅಜ್ಜನ ಹೆಸರು."

ನನ್ನದು ಪ್ರತಿದಿನ ಬೆಳಗ್ಗೆ ಆರೂವರೆಗೆ ಅರವತ್ತು ಜನರ ಹಾಜರಿ ಕರೆಯುವ ಗಂಟಲು. ಬೇರೆ ರೀತಿಯಲ್ಲಿ ಹೆಸರು ಕರೆಯಲು ಅದಕ್ಕೆ ಬರುವುದಿಲ್ಲ. ಎದೆ ತುಂಬ ಉಸಿರು ಎಳೆದು ಕರೆದೆ.

"ತಾನ್ ಕಿಮ್ ಹಾಯ್!"

ಪಾಟೀಲರು ಅಭ್ಯಾಸಬಲದಿಂದ, ಬೆಚ್ಚಿ, ಎದೆ ಸೆಟೆದು ಕೂಗಿಬಿಟ್ಟರು: "ಹಾಜರ್!"

ಪಾಟೀಲರ ಮುಖ ಕೆಂಪಾಯಿತು. ಅಷ್ಟರಲ್ಲಿ ಹಸನಬ್ಬ, ಅವರನ್ನು ಒಬ್ಬರೇ ಬಿಡಬಾರದೆಂದೋ ಏನೋ, "ಹಾಜರ್!" ಎಂದರು. ಆಮೇಲೆ ಪಠಾಣ. ಆಮೇಲೆ ಗೇಟಿನಿಂದ ಟ್ಯಾಂಕಿನ ತನಕ, ಶೆಡ್ಡಿನ ಹಿಂದೆ ನಮಗೆ ಕಾಣದೆ ನಿಂತವರ ತನಕ, ತಗಡಿನ ಮಾಡುಗಳು ಝಣ್ ಎನ್ನುವ ಹಾಗೆ ಎಂಬತ್ತು ಗಂಟಲು: "ಹಾಜರ್!"

ನಾಸರ್ ಘೋಷಣೆ ಬೇಡವೆಂದವರು. ಅವರ ಕಡೆ ನೋಡಿದೆ. ಫೋನು ಹಿಡಿದ ಕೈ ಅಲುಗಿಸದೆ ಅವರೂ ತುಟಿಯಾಡಿಸಿದ್ದರು.

ಲಿನ್ ಆ ಪದದ ಅರ್ಥವನ್ನು ತಾಯಿಗೆ ಹೇಳುತ್ತಿರುವುದು ಮುಖ ನೋಡಿದರೇ ತಿಳಿಯುತ್ತಿತ್ತು. ಆ ಕಡೆ ಏನೂ ಇಲ್ಲ. ಲಿನ್ ಎರಡು ಸಲ ಕರೆದರು. ಏನೂ ಇಲ್ಲ. ಹೋಗಿಬಿಟ್ಟರು ಎಂದುಕೊಂಡೆ ನಾನು.

ಆಗ ನಾಸರ್ ಬೆಚ್ಚಿ ಫೋನನ್ನು ಲಿನ್‌ರ ಕಿವಿಯಿಂದ ಒಂದು ಗೇಣು ದೂರ ಹಿಡಿದರು. ಅದರೊಳಗಿಂದ ಒಂದು ಹೆಂಗಸಿನ ದನಿ, ಸೀಳಿದ, ಒರಟಾದ, ದೊಡ್ಡ ದನಿ, ನನಗೂ ಹಸನಬ್ಬರಿಗೂ ಪಾಟೀಲರಿಗೂ ಕೇಳಿಸುವಷ್ಟು: "ತಾನ್ ಕಿಮ್ ಹಾಯ್!" ಅದರ ಹಿಂದೆ ಅಲ್ಲಿ ಕೈ ಹಿಡಿದು ನಿಂತ ಯಾರ ಯಾರದೋ ದನಿಗಳು ಅದೇ ಹೆಸರನ್ನು ಎತ್ತಿಕೊಂಡವು. ಮತ್ತೆ ಆಕೆ. ಮತ್ತೆ ಅವರು.

"ಯಾರಪ್ಪಾ ಇದು?" ಎಂದರು ನಾಸರ್.

"ನನ್ನ ಅಮ್ಮ" ಎಂದರು ಲಿನ್. ತಮ್ಮ ಮೂವತ್ತೆಂಟು ವರ್ಷದ ಬದುಕಿನಲ್ಲಿ ಆ ದನಿಯನ್ನು ಅವರು ಕೇಳಿದ್ದು ಅದೇ ಮೊದಲು.

ಐದು ನಿಮಿಷ ಮುಗಿಯಿತು. ಹತ್ತಾಯಿತು. ಖಲಾಸ್ ಎಂದು ಯಾರೂ ಹೇಳಲಿಲ್ಲ, ನಾನೂ ಗಂಟೆಯ ಹತ್ತಿರ ಹೋಗಲಿಲ್ಲ. ಹಸನಬ್ಬ ಒಲೆ ಹಚ್ಚಿ ಬಂದರು. ಫೋನಿನೊಳಗೆ ಆಕೆ ಇನ್ನೂ ಮಾತಾಡುತ್ತಲೇ ಇದ್ದರು, ನಮ್ಮೊಡನಲ್ಲ, ತನ್ನ ಅಕ್ಕಪಕ್ಕದ ಇಡೀ ರಸ್ತೆಯೊಡನೆ. ಲಿನ್ ಅಳುತ್ತಾ, ನಗುತ್ತಾ, ಅದನ್ನು ನಮಗೆ ದಾಟಿಸಿದರು. ಅಪ್ಪ ಲೆಕ್ಕ ಹೇಳಿಕೊಡುತ್ತಿದ್ದರು ಅನ್ನುತ್ತಿದ್ದಾಳೆ. ಅಪ್ಪನಿಗೆ ಹಾಡಲು ಬರುತ್ತಿರಲಿಲ್ಲ, ಆದರೂ ಹಾಡುತ್ತಿದ್ದರು ಅನ್ನುತ್ತಿದ್ದಾಳೆ. ಮಳೆಗಾಲದಲ್ಲಿ ತನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಶಾಲೆಗೆ ಹೋಗುತ್ತಿದ್ದರು ಅನ್ನುತ್ತಿದ್ದಾಳೆ.

ಕೊನೆಗೆ ಲಿನ್‌ಗೆ ತಾಯಿಯ ಗಂಟಲಿನ ಚಿಂತೆಯಾಯಿತು. "ಅಮ್ಮ, ಸಾಕು, ಮನೆಗೆ ಹೋಗಿ ನೀರು ಕುಡಿ" ಎಂದರಂತೆ.

ಆ ಕಡೆಯಿಂದ ಬಂದ ಉತ್ತರವನ್ನು ಕೇಳಿ ಅವರು ನಮ್ಮ ಕಡೆ ತಿರುಗಿದರು. "ನೀನು ಸುಮ್ಮನಿರು, ನಾನಿನ್ನೂ ಮುಗಿಸಿಲ್ಲ ಅನ್ನುತ್ತಾಳೆ."